ಊರಿಗೆ ಹೆಸರಿಟ್ಟ ನೆನಪಿನ ಸೋಮವಾರ

ಎಂಟು ವರ್ಷದ ಹಿಂದಿನ ಮಾತು. ನನ್ನ ಬಾಣಂತನಕ್ಕೆಂದು ಅಮ್ಮ ತಿಪಟೂರಿನಿಂದ ಕ್ಯಾನ್‌ಬೆರಾಗೆ ಬಂದಿದ್ದರು. ಮಗಳಿಗೆ ಹೆಸರಿಡಲು ದಿನ ನೋಡಬೇಕಿತ್ತು. ಊರಿನ ಪುರೋಹಿತರು ಫೋನಿನಲ್ಲಿ ಎರಡು ದಿನ ಹೇಳಿದರು. ಒಂದು ಗುರುವಾರ, ಇನ್ನೊಂದು ಸೋಮವಾರ. ಗುರುವಾರ ಎಂದರೆ ಇಲ್ಲಿ ಯಾರಿಗೂ ಬರಲು ಆಗುವುದಿಲ್ಲ. ಆ ಸೋಮವಾರ ರಜೆ. ಮಾರ್ಚ್ ತಿಂಗಳ ಎರಡನೇ ಸೋಮವಾರ, ಕ್ಯಾನ್‌ಬೆರಾ ಡೇ. ಹಾಗಾಗಿ ಅದೇ ಗಟ್ಟಿಯಾಯಿತು.

"ಅವತ್ತು ಏನು ರಜೆ?" ಅಮ್ಮ ಕೇಳಿದರು.

"ಊರಿನ ಹುಟ್ಟುಹಬ್ಬ ಅಮ್ಮ."

"ಊರಿಗೆ ಹುಟ್ಟುಹಬ್ಬನಾ? ಊರು ಯಾವತ್ತು ಹುಟ್ಟಿತು ಅಂತ ಯಾರಿಗೆ ಗೊತ್ತಿರುತ್ತೆ? ನಮ್ಮ ತಿಪಟೂರು ಯಾವತ್ತು ಹುಟ್ಟಿತು ಹೇಳು ನೋಡೋಣ."

ನನಗೆ ಗೊತ್ತಿದ್ದಷ್ಟು ಹೇಳಿದೆ. 1913ರ ಮಾರ್ಚ್ 12ರಂದು ಇಲ್ಲಿ ಒಂದು ಗುಡ್ಡದ ಮೇಲೆ ಜನ ಸೇರಿದ್ದರು. ಸುತ್ತ ಕುರಿ ಮೇಯುವ ಬಯಲು. ಬೀದಿ ಇಲ್ಲ, ಪೇಟೆ ಇಲ್ಲ. ಅಲ್ಲಿ ಒಬ್ಬ ಹೆಂಗಸು ಎದ್ದು ನಿಂತು, ಆಸ್ಟ್ರೇಲಿಯಾದ ರಾಜಧಾನಿಗೆ ಕ್ಯಾನ್‌ಬೆರಾ ಎಂದು ಹೆಸರಿಡುತ್ತೇನೆ ಎಂದಳು. ಅಷ್ಟೇ. ಊರು ಕಟ್ಟಿದ್ದು ಆಮೇಲೆ.

ಅಮ್ಮ ಮಗುವಿನ ಕಾಲಿಗೆ ಎಣ್ಣೆ ಹಚ್ಚುತ್ತಾ ಇದ್ದವರು ತಲೆ ಎತ್ತಿದರು. "ಹಾಗಾದ್ರೆ ಅದು ಹುಟ್ಟುಹಬ್ಬ ಅಲ್ಲ ಕಣೇ, ನಾಮಕರಣ."

ಅದಕ್ಕೂ ಮೊದಲು ನಾನು ಈ ಊರಿನಲ್ಲಿ ಆರು ವರ್ಷ ಇದ್ದೆ. ಆರು ಸಲ ಆ ರಜೆ ಬಂದು ಹೋಗಿತ್ತು. ಅದನ್ನು ಹಾಗೆ ನೋಡಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ.

ನಾಮಕರಣದ ದಿನ ಮನೆಯಲ್ಲಿ ತೊಟ್ಟಿಲು ಇರಲಿಲ್ಲ. ಮಗುವಿನ ಕಾಟ್‌ಗೇ ಅಮ್ಮ ತಮ್ಮ ಇಳಕಲ್ ಸೀರೆ ಸುತ್ತಿ, ನಾಲ್ಕು ಮೂಲೆಗೂ ಹೂವು ಕಟ್ಟಿದರು. ಪಕ್ಕದ ಮನೆಯ ಅಜ್ಜಿ ತಮ್ಮ ಹಿತ್ತಲಿನಿಂದ ಕೊಯ್ದು ಕೊಟ್ಟ ಡೇರೆ ಹೂವು. ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಹರಡಿದ್ದಾಯಿತು. ನನ್ನವರು ಬೆರಳಿನ ಉಂಗುರ ತೆಗೆದು ಅದರಲ್ಲೇ ಅಕ್ಕಿಯ ಮೇಲೆ ಹೆಸರು ಬರೆದರು. ಸೋದರತ್ತೆ, ಅಂದರೆ ನನ್ನ ನಾದಿನಿ, ಮೈಸೂರಿನಲ್ಲಿದ್ದರು. ಇಲ್ಲಿ ಬೆಳಿಗ್ಗೆ 11 ಗಂಟೆ ಆಗಿದ್ದರೆ ಅಲ್ಲಿ ಐದೂವರೆ. ಆ ಹೊತ್ತಿಗೇ ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು ವಿಡಿಯೋ ಕಾಲ್‌ನಲ್ಲಿ ಕೂತಿದ್ದರು. ಫೋನನ್ನು ಮಗುವಿನ ಕಿವಿಯ ಹತ್ತಿರ ಹಿಡಿದೆವು. "ಕುರ್‍ರ್..." ಎಂದು ಹೆಸರು ಕರೆದರು. ಮೂರು ಸಲ. ಮೂರನೇ ಸಲಕ್ಕೆ ಅವರ ದನಿ ಒಡೆಯಿತು. ಮಗು ಕಣ್ಣು ಬಿಡಲಿಲ್ಲ. ಅಲ್ಲಿವರೆಗೆ ಆ ಹೆಸರು ನಮ್ಮ ಮೂವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಕರೆದ ಮೇಲೆ ಅದು ಎಲ್ಲರದ್ದು.

ಬಂದವರೆಲ್ಲ ಊಟ ಮಾಡಿ ಹೋದ ಮೇಲೆ ಅಮ್ಮ ಮತ್ತೆ ಕೇಳಿದರು. "ಆ ಊರಿನ ನಾಮಕರಣ ಹೇಗೆ ಮಾಡಿದ್ರು? ಪೂರ್ತಿ ಹೇಳು." ಪೂರ್ತಿ ಹೇಳುವಷ್ಟು ನನಗೆ ಗೊತ್ತಿರಲಿಲ್ಲ. ಮಗು ಮಲಗಿದಾಗಲೆಲ್ಲ ಓದತೊಡಗಿದೆ. ಓದಿದ್ದನ್ನು ಸಂಜೆ ಅಮ್ಮನಿಗೆ ಹೇಳುತ್ತಿದ್ದೆ. ಬಾಣಂತನದ ಆ ಮೂರು ತಿಂಗಳಲ್ಲಿ ಈ ಊರಿನ ಕಥೆ ನಮ್ಮಿಬ್ಬರ ಧಾರಾವಾಹಿ ಆಗಿಬಿಟ್ಟಿತು.

ಕಥೆ ಶುರುವಾಗುವುದು ಒಂದು ಜಗಳದಿಂದ. 1901ರಲ್ಲಿ ಆರು ವಸಾಹತುಗಳು ಸೇರಿ ಆಸ್ಟ್ರೇಲಿಯಾ ಒಂದು ದೇಶವಾಯಿತು. ರಾಜಧಾನಿ ಯಾವುದು? ಸಿಡ್ನಿಯವರು ಮೆಲ್ಬರ್ನ್ ಒಪ್ಪುವುದಿಲ್ಲ, ಮೆಲ್ಬರ್ನ್‌ನವರು ಸಿಡ್ನಿ ಒಪ್ಪುವುದಿಲ್ಲ. ಕೊನೆಗೆ ಸಂವಿಧಾನದ 125ನೇ ಕಲಮಿನಲ್ಲೇ ಬರೆದುಬಿಟ್ಟರು: ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ ಇರಬೇಕು, ಆದರೆ ಸಿಡ್ನಿಯಿಂದ 100 ಮೈಲಿಯಾದರೂ ದೂರ ಇರಬೇಕು, ಅಲ್ಲಿವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ ಸೇರಬೇಕು. ಜಾಗ ಹುಡುಕಲು ವರ್ಷಗಳೇ ಹಿಡಿದವು. 1904ರಲ್ಲಿ ಡಾಲ್ಗೆಟಿ ಎಂಬ ಜಾಗ ಎಂದರು, ಅದು ನಿಲ್ಲಲಿಲ್ಲ. 1908ರಲ್ಲಿ ಈ ಯಾಸ್-ಕ್ಯಾನ್‌ಬೆರಾ ಸೀಮೆ ಗಟ್ಟಿಯಾಯಿತು. 1911ರ ಜನವರಿ 1ರಂದು ಇದು ಕೇಂದ್ರದ ಕೈಗೆ ಬಂತು. ಆದರೂ ಊರಿಗೆ ಹೆಸರಿರಲಿಲ್ಲ.

ಹೆಸರು ಸೂಚಿಸಿ ಎಂದಾಗ ಜನ ಕಳಿಸಿದ ಪಟ್ಟಿ ಓದಬೇಕು ನೀವು. ಗೋಧಿ, ಉಣ್ಣೆ, ಚಿನ್ನ ಸೇರಿಸಿ ವೀಟ್‌ವೂಲ್‌ಗೋಲ್ಡ್. ಕಾಂಗರೂ ಮತ್ತು ಎಮು ಸೇರಿಸಿ ಕಾಂಗರೆಮು. ಒಬ್ಬರು ಶೇಕ್ಸ್‌ಪಿಯರ್ ಎಂದೇ ಇಡೋಣ ಎಂದರು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಸಿಡ್‌ಮೆಲ್‌ಅಡ್‌ಪರ್‌ಬ್ರಿಸ್‌ಹೋ. ಸಿಡ್ನಿ, ಮೆಲ್ಬರ್ನ್, ಅಡಿಲೇಡ್, ಪರ್ತ್, ಬ್ರಿಸ್ಬೇನ್, ಹೋಬಾರ್ಟ್ ಆರೂ ಊರುಗಳ ತಲೆ ಕತ್ತರಿಸಿ ಹೊಲಿದ ಹೆಸರು. ಯಾರಿಗೂ ಬೇಜಾರಾಗಬಾರದು ಅಂತ ಅಷ್ಟು ಕಷ್ಟಪಟ್ಟವರು ಯಾರೋ. ಅಮ್ಮ ಇದನ್ನು ಎರಡು ಸಲ ಹೇಳಿಸಿಕೊಂಡರು. "ನಮ್ಮಲ್ಲೂ ಅಷ್ಟೇ ಅಲ್ವಾ, ಎರಡೂ ಕಡೆ ಅಜ್ಜಿಯರ ಹೆಸರು ಸೇರಿಸಿ ಮಗುವಿಗೆ ಇಡೋದು" ಎಂದರು.

ಕೊನೆಗೆ ಆರಿಸಿದ ಹೆಸರನ್ನು ಮಂತ್ರಿಗಳು ಗುಟ್ಟಾಗಿಟ್ಟರು. ಅವತ್ತು ಕುರ್ರಜಾಂಗ್ ಹಿಲ್ ಎಂಬ ಗುಡ್ಡದ ಮೇಲೆ ಮೊದಲು ಮೂರು ಅಡಿಗಲ್ಲು ಹಾಕಿದರು. ಒಂದನ್ನು ಗವರ್ನರ್ ಜನರಲ್ ಲಾರ್ಡ್ ಡೆನ್‌ಮನ್, ಒಂದನ್ನು ಪ್ರಧಾನಿ ಆಂಡ್ರ್ಯೂ ಫಿಶರ್, ಇನ್ನೊಂದನ್ನು ಗೃಹಮಂತ್ರಿ ಕಿಂಗ್ ಒಮ್ಯಾಲಿ. ಆಮೇಲೆ ಗವರ್ನರ್ ಜನರಲ್ ಅವರ ಹೆಂಡತಿ ಲೇಡಿ ಡೆನ್‌ಮನ್ ಮುಂದೆ ಬಂದರು. ಅವರಿಗಿನ್ನೂ 28 ವರ್ಷ. ಕೈಯಲ್ಲಿ ಸಿಗರೇಟ್ ಇಡುವ ಚಿನ್ನದ ಡಬ್ಬಿ. ಅದರೊಳಗೆ ಒಂದು ಚೀಟಿ. ಚೀಟಿ ತೆಗೆದು ಹೆಸರು ಓದಿದರು.

ಚಿನ್ನದ ಡಬ್ಬಿ ಎಂದ ಕೂಡಲೇ ಅಮ್ಮನ ಮುಖ ಅರಳಿತು. "ನೋಡು, ನಾವು ಅಕ್ಕಿ ಮೇಲೆ ಚಿನ್ನದಲ್ಲಿ ಬರೀತೀವಿ, ಅವರು ಚಿನ್ನದೊಳಗೆ ಇಟ್ಟರು. ಮತ್ತೆ ಹೆಸರು ಕರೆಯೋಕೆ ಹೆಣ್ಣುಮಗಳೇ ಬೇಕಾಯ್ತು. ಅವಳೇ ಈ ಊರಿಗೆ ಸೋದರತ್ತೆ."

ಆ ಸೋದರತ್ತೆ ಮಾಡಿದ ಇನ್ನೊಂದು ಕೆಲಸವಿದೆ. ಕ್ಯಾನ್‌ಬೆರಾ ಎಂಬುದನ್ನು ಹೇಗೆ ಉಚ್ಚರಿಸಬೇಕು ಎಂಬ ಗೊಂದಲವಿತ್ತು. ಅವರು ಮೊದಲ ಅಕ್ಷರದ ಮೇಲೆ ಒತ್ತು ಕೊಟ್ಟು ಹೇಳಿದರು. ಅದೇ ನಿಂತುಬಿಟ್ಟಿತು. ನಾವು ಕನ್ನಡದಲ್ಲಿ ಬರೆದಂತೆ ಕ್ಯಾನ್, ಬೆ, ರಾ ಎಂದು ಬಿಡಿಸಿ ಹೇಳುತ್ತೇವೆ. ಇಲ್ಲಿಯವರ ಬಾಯಲ್ಲಿ ನಡುವಿನದು ಕರಗಿ ಹೋಗಿ "ಕ್ಯಾನ್‌ಬ್ರಾ" ಅಷ್ಟೇ ಉಳಿಯುತ್ತದೆ. ಯಾರು ಹೊಸಬರು ಎಂದು ಆ ಒಂದು ಪದದಲ್ಲೇ ಗೊತ್ತಾಗುತ್ತದೆ.

ಆ ಮೂರು ಕಲ್ಲುಗಳು ಈಗಲೂ ಇವೆ. ಅವುಗಳ ಮೇಲೆ ದೊಡ್ಡ ಕಂಬ ಏಳಬೇಕಿತ್ತು. ಮರುವರ್ಷ ಮಹಾಯುದ್ಧ ಬಂತು, ಕಂಬ ಏಳಲೇ ಇಲ್ಲ. ಹೆಸರಿಟ್ಟ ಗುಡ್ಡದ ಮೇಲೆ 1988ರಲ್ಲಿ ಹೊಸ ಪಾರ್ಲಿಮೆಂಟ್ ಭವನ ಬಂತು. ಕಲ್ಲುಗಳನ್ನು ಅದರ ಮುಂದಿನ ಹುಲ್ಲುಹಾಸಿನ ಕಡೆಗೆ ಸ್ಥಳಾಂತರಿಸಿದರು. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸುಮ್ಮನೆ ಕಲ್ಲು. ಜನ ಪಕ್ಕದಲ್ಲೇ ಭವನದ ಫೋಟೋ ತೆಗೆಯುತ್ತಾ ಹೋಗುತ್ತಾರೆ, ಇದನ್ನು ನೋಡುವವರು ಕಡಿಮೆ. ಅಮ್ಮ ಅಂಗೈ ಇಟ್ಟು ಮುಟ್ಟಿದರು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು.

ಅಲ್ಲಿಂದ ವಾಪಸ್ ಬರುವಾಗ ಅಮ್ಮ ಕೇಳಿದ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಕ್ಯಾನ್‌ಬೆರಾ ಅನ್ನೋದು ಯಾರ ಹೆಸರು?"

ಅದು ಇಲ್ಲಿಯ ಮೂಲ ಜನರಿಂದ ಬಂದದ್ದು. ಬಿಳಿಯರು 1820ರ ದಶಕದಲ್ಲಿ ಇಲ್ಲಿ ಕುರಿ ಸಾಕಲು ಬಂದಾಗಲೇ ಈ ಜಾಗವನ್ನು ಕ್ಯಾನ್‌ಬೆರಿ ಎಂದು ಬರೆದುಕೊಂಡಿದ್ದರು. ಜನ ಸೇರುವ ಜಾಗ ಎಂಬ ಅರ್ಥ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಆ ಬಗ್ಗೆ ಚರ್ಚೆ ಇನ್ನೂ ನಡೆಯುತ್ತಲೇ ಇದೆ. ಅಂತೂ 1913ರಲ್ಲಿ ಇಟ್ಟದ್ದು ಹೊಸ ಹೆಸರಲ್ಲ. ನಾವು ಮೊಮ್ಮಗನಿಗೆ ತಾತನ ಹೆಸರಿಡುತ್ತೇವಲ್ಲ, ಹಾಗೆ. ಆದರೆ ಆ ತಾತನ ಮನೆಯವರು ಯಾರೂ ಅವತ್ತು ವೇದಿಕೆಯ ಮೇಲೆ ಇರಲಿಲ್ಲ. ಹೆಸರು ಅವರದ್ದು, ನೆಲ ಅವರದ್ದು, ಕರೆಯ ಕಾಗದ ಮಾತ್ರ ಅವರಿಗೆ ಹೋಗಲಿಲ್ಲ.

"ಅದು ಸರಿಯಲ್ಲ" ಎಂದರು ಅಮ್ಮ. ಅಷ್ಟೇ ಹೇಳಿದರು. ನಾಮಕರಣಕ್ಕೆ ಮನೆಯ ಹಿರಿಯರನ್ನೇ ಕರೆಯದಿದ್ದರೆ ಅದು ಎಂಥ ಕುಂದು ಎಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆಮೇಲೆ ಓದುವಾಗ ಜಿಮ್ಮಿ ಕ್ಲೆಮೆಂಟ್ಸ್ ಎಂಬ ಹಿರಿಯರ ಕಥೆ ಸಿಕ್ಕಿತು. 1927ರ ಮೇ 9ರಂದು ಇಲ್ಲಿ ಮೊದಲ ಪಾರ್ಲಿಮೆಂಟ್ ಭವನದ ಉದ್ಘಾಟನೆ. ಮಾಡಿದವರು ಡ್ಯೂಕ್ ಆಫ್ ಯಾರ್ಕ್, ಮುಂದೆ ಆರನೇ ಜಾರ್ಜ್ ಆದವರು. ವಿರಾಡ್ಜುರಿ ಜನಾಂಗದ ಕ್ಲೆಮೆಂಟ್ಸ್ ಮತ್ತು ಅವರ ಜೊತೆಗಾರ ಜಾನ್ ನೋಬಲ್ ದಿನಗಟ್ಟಲೆ ನಡೆದು ಅಲ್ಲಿಗೆ ಬಂದಿದ್ದರು. ಯಾರೂ ಕರೆದಿರಲಿಲ್ಲ. ಕ್ಲೆಮೆಂಟ್ಸ್ ಹಾಕಿದ್ದ ಬಟ್ಟೆ ಸರಿಯಿಲ್ಲವೆಂದು ಪೊಲೀಸರು ಹೊರಗೆ ಹೋಗಲು ಹೇಳಿದರು. ಸುತ್ತ ಇದ್ದ ಜನ ಅವರ ಪರ ದನಿ ಎತ್ತಿದರು. ಅವರು ಅಲ್ಲೇ ಉಳಿದರು. ಅದೇ ವರ್ಷ ಪಕ್ಕದ ಕ್ವೀನ್‌ಬಿಯನ್‌ನಲ್ಲಿ ತೀರಿಕೊಂಡರು. ಆ ಹಳೆಯ ಭವನದ ಎದುರಿನ ಹುಲ್ಲಿನ ಮೇಲೆಯೇ 1972ರ ಜನವರಿ 26ರಂದು ಮೂಲ ಜನರ ಹಕ್ಕಿಗಾಗಿ ಟೆಂಟ್ ಎಂಬಸಿ ಎಂಬ ಪ್ರತಿಭಟನೆಯ ಬಿಡಾರ ಶುರುವಾದದ್ದು. ಈಗಲೂ ಇದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆ ಮುದುಕರ ನಡಿಗೆ ನೆನಪಾಗುತ್ತದೆ.

ಈಗ ಸ್ವಲ್ಪ ಬದಲಾಗಿದೆ. 2018ರಿಂದ ಮೇ ಕೊನೆಗೆ ರಿಕನ್ಸಿಲಿಯೇಶನ್ ಡೇ, ಅಂದರೆ ಮೂಲ ಜನರ ಜೊತೆ ಸಾಮರಸ್ಯದ ದಿನ, ಎಂದು ಇನ್ನೊಂದು ರಜೆ ಇದೆ, ಇಡೀ ಆಸ್ಟ್ರೇಲಿಯಾದಲ್ಲಿ ಅಂಥ ರಜೆ ಮೊದಲು ಕೊಟ್ಟದ್ದು ನಮ್ಮ ಕ್ಯಾನ್‌ಬೆರಾ. ಮಗಳ ಶಾಲೆಯಲ್ಲಿ ಅಸೆಂಬ್ಲಿ ಶುರುವಾಗುವುದೇ ಈ ನೆಲದ ನುನ್ನವಾಲ್ ಹಿರಿಯರನ್ನು ನೆನೆದು. "ಯುಮಾ" ಎಂದರೆ ಅವರ ಮಾತಿನಲ್ಲಿ ನಮಸ್ಕಾರ. ಮಗಳು ಮನೆಯಲ್ಲೂ ಹಾಗೆ ಹೇಳಿಕೊಂಡು ಓಡಾಡುತ್ತಾಳೆ. ಸಾಲದು, ನನಗೆ ಗೊತ್ತು. ಆದರೂ ಎಂಟು ವರ್ಷದ ಮಗುವಿನ ಬಾಯಲ್ಲಿ ಆ ಪದ ಕೇಳಿದಾಗ ಮನಸ್ಸು ತುಂಬುತ್ತದೆ.

ಹೆಸರಿಟ್ಟವರ ಕಥೆ ಆಯಿತು. ಈ ಊರಿನ ಜಾತಕ ಬರೆದವರು ಬೇರೆ. 1911ರಲ್ಲಿ ರಾಜಧಾನಿಯ ನಕ್ಷೆಗಾಗಿ ಸ್ಪರ್ಧೆ ಇಟ್ಟರು. 137 ನಕ್ಷೆಗಳು ಬಂದವು. ಮರುವರ್ಷ ಮೇ ತಿಂಗಳಲ್ಲಿ ಗೆದ್ದವರ ಹೆಸರು ಬಂತು, ಚಿಕಾಗೋದ ವಾಲ್ಟರ್ ಬರ್ಲಿ ಗ್ರಿಫಿನ್. ಆ ನಕ್ಷೆಗೆ ಜೀವ ಕೊಟ್ಟ ಚಿತ್ರಗಳನ್ನು ಬಟ್ಟೆಯ ಮೇಲೆ ಬರೆದವರು ಅವರ ಹೆಂಡತಿ ಮೇರಿಯನ್ ಮಹೋನಿ ಗ್ರಿಫಿನ್. ಅವರೂ ವಾಸ್ತುಶಿಲ್ಪಿ. ಇಬ್ಬರೂ ಈ ನೆಲವನ್ನು ನೋಡಿರಲಿಲ್ಲ. ಸರ್ಕಾರ ಕಳಿಸಿದ ನಕ್ಷೆ, ಚಿತ್ರಗಳನ್ನು ಮುಂದಿಟ್ಟುಕೊಂಡು, ಐನ್ಸ್ಲಿ ಬೆಟ್ಟದ ಮೇಲೆ ನಿಂತರೆ ಊರು ಹೇಗೆ ಕಾಣುತ್ತದೆ ಎಂದು ಮೇರಿಯನ್ ಚಿಕಾಗೋದಲ್ಲಿ ಕೂತು ಬರೆದರು. ಹೆಸರಿಟ್ಟ ದಿನವೂ ಅವರು ಇಲ್ಲಿರಲಿಲ್ಲ. ಗ್ರಿಫಿನ್ ಮೊದಲ ಸಲ ಬಂದದ್ದು ಅದೇ ವರ್ಷ ಆಗಸ್ಟ್‌ನಲ್ಲಿ.

ಅಮ್ಮ ಹೊರಡುವ ಮೊದಲು ಒಂದು ಸಂಜೆ ಆ ಬೆಟ್ಟಕ್ಕೆ ಹೋಗಿದ್ದೆವು. ಕಾರು ಮೇಲಿನವರೆಗೂ ಹೋಗುತ್ತದೆ. ಮೇಲಿನ ಜಾಗಕ್ಕೆ ಈಗ ಮೇರಿಯನ್ ಅವರದ್ದೇ ಹೆಸರು. ಅಲ್ಲಿಂದ ಕೆಳಗೆ ನೋಡಿದರೆ ದಾರ ಹಿಡಿದು ಎಳೆದ ಹಾಗೆ ಒಂದು ಗೆರೆ. ಕಾಲ ಕೆಳಗೆ ವಾರ್ ಮೆಮೋರಿಯಲ್, ಅಲ್ಲಿಂದ ಕೆಂಪು ಜಲ್ಲಿ ಹಾಸಿದ ಆನ್ಜಾಕ್ ಪೆರೇಡ್ ಎಂಬ ರಸ್ತೆ, ಆಮೇಲೆ ಕೆರೆ, ಕೆರೆಯ ಆಚೆ ಬೆಳ್ಳಗಿನ ಹಳೆಯ ಪಾರ್ಲಿಮೆಂಟ್, ಅದರ ತಲೆಯ ಮೇಲೆ ಹೊಸದು, ಹಿಂದೆ ನೀಲಿ ಬೆಟ್ಟಗಳು. ಆ ಗೆರೆ ಗ್ರಿಫಿನ್ ದಂಪತಿ ಹಾಕಿದ್ದು. ಕೆರೆಯೂ ಅವರು ಬರೆದದ್ದೇ. ಆದರೆ ಅದು ತುಂಬಿದ್ದು 1964ರ ಏಪ್ರಿಲ್‌ನಲ್ಲಿ.

"ಅಷ್ಟೊತ್ತಿಗೆ ಅವರು ಇದ್ದರಾ?"

ಇರಲಿಲ್ಲ. ಅಧಿಕಾರಿಗಳ ಜೊತೆ ಹಗ್ಗಜಗ್ಗಾಟ ಆಗಿ ಗ್ರಿಫಿನ್ 1920ರಲ್ಲೇ ಆ ಕೆಲಸ ಬಿಟ್ಟರು. 1935ರಲ್ಲಿ ಲಖನೌ ವಿಶ್ವವಿದ್ಯಾಲಯದ ಗ್ರಂಥಾಲಯದ ನಕ್ಷೆ ಮಾಡಲು ಭಾರತಕ್ಕೆ ಹೋದರು. ಅಲ್ಲಿ ಕೆಲಸದ ಮೇಲೆ ಕೆಲಸ ಬಂತು, ಮೇರಿಯನ್ ಕೂಡ ಹೋಗಿ ಸೇರಿಕೊಂಡರು. 1937ರ ಫೆಬ್ರವರಿಯಲ್ಲಿ ಗ್ರಿಫಿನ್ ಅಲ್ಲೇ ತೀರಿಕೊಂಡರು. ಲಖನೌ ಮಣ್ಣಿನಲ್ಲೇ ಇದ್ದಾರೆ. ಅವರು ಕಾಗದದ ಮೇಲೆ ಬರೆದ ಕೆರೆಗೆ ನೀರು ಬರಲು ಅವರು ಹೋಗಿ ಇನ್ನೂ 27 ವರ್ಷ ಬೇಕಾಯಿತು. ಕೆರೆಗೆ ಅವರದ್ದೇ ಹೆಸರು, ಲೇಕ್ ಬರ್ಲಿ ಗ್ರಿಫಿನ್.

ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಮಗು ಅವರ ಸೆರಗಿನೊಳಗೆ ಬೆಚ್ಚಗೆ ಮಲಗಿತ್ತು. ಆಮೇಲೆ ಹೇಳಿದರು, "ಇಲ್ಲಿ ಊರು ಕಟ್ಟಿದವನು ನಮ್ಮ ದೇಶದಲ್ಲಿ ಮಲಗಿದ್ದಾನೆ. ನನ್ನ ಮೊಮ್ಮಗಳು ಅವನ ಊರಲ್ಲಿ ಹುಟ್ಟಿದಾಳೆ. ಋಣ ನೋಡು ಎಲ್ಲೆಲ್ಲಿ ಇರುತ್ತೆ."

ಬೇರೆ ಊರಿನವರು ಕ್ಯಾನ್‌ಬೆರಾ ಬಗ್ಗೆ ಹಗುರವಾಗಿ ಮಾತಾಡುವುದು ಕೇಳಿದ್ದೇನೆ. ಬರೀ ಸರ್ಕಾರಿ ಆಫೀಸು, ಬರೀ ವೃತ್ತದ ರಸ್ತೆಗಳು, ಊರಿಗೆ ಜೀವ ಇಲ್ಲ ಅಂತ. ಕಾಗದದ ಮೇಲೆ ಮೊದಲು ಹುಟ್ಟಿದ ಊರು ಎಂಬುದೇ ಅವರಿಗೆ ಕೊರತೆ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಅಕ್ಕಪಕ್ಕದಲ್ಲಿ ಯಾರನ್ನಾದರೂ ನಿಮ್ಮ ಮೂಲ ಊರು ಯಾವುದು ಎಂದು ಕೇಳಿ, ವಾಗಾ ವಾಗಾ ಎನ್ನುತ್ತಾರೆ, ಅಡಿಲೇಡ್ ಎನ್ನುತ್ತಾರೆ, ಕೊಲಂಬೊ ಎನ್ನುತ್ತಾರೆ, ಹುಬ್ಬಳ್ಳಿ ಎನ್ನುತ್ತಾರೆ. ನುನ್ನವಾಲ್ ಜನರನ್ನು ಬಿಟ್ಟರೆ ಹೆಚ್ಚಿನವರು ಒಂದೆರಡು ತಲೆಮಾರಿನಲ್ಲಿ ಬಂದು ಸೇರಿದವರೇ. ಹಾಗಾಗಿ ಇಲ್ಲಿ ನೀನು ಹೊರಗಿನವಳು ಎಂಬ ಭಾವ ನನಗೆ ಬೇಗ ಹೋಯಿತು.

ಈಗ ನಾವಿರುವ ಬಡಾವಣೆಯ ಹೆಸರು ಡೆನ್‌ಮನ್ ಪ್ರಾಸ್ಪೆಕ್ಟ್. ಹೌದು, ಅದೇ ಲೇಡಿ ಡೆನ್‌ಮನ್. ಮನೆ ಕೊಳ್ಳುವಾಗ ನಾವು ನೋಡಿದ್ದು ಬೆಲೆ, ಶಾಲೆ, ಬಿಸಿಲು ಬರುವ ದಿಕ್ಕು. ಹೆಸರು ಯಾರದ್ದು ಎಂದು ಕಾಗದಕ್ಕೆ ಸಹಿ ಹಾಕುವ ದಿನ ಗೊತ್ತಾಯಿತು. ಅಮ್ಮನಿಗೆ ಫೋನ್ ಮಾಡಿದರೆ, "ಸೋದರತ್ತೆ ಮನೆಗೇ ಬಂದ್ರಿ ಹಾಗಾದ್ರೆ" ಎಂದರು. ಊರಿಗೆ ಹೆಸರಿಟ್ಟು ಮರುವರ್ಷವೇ ಬ್ರಿಟನ್‌ಗೆ ವಾಪಸ್ ಹೋದ ಆಕೆ ಅಲ್ಲಿ ಹಳ್ಳಿ ಹೆಂಗಸರ ಸಂಘಗಳನ್ನು ಕಟ್ಟಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಲದ ಕೆಲಸಕ್ಕೆ ಹೆಂಗಸರನ್ನು ಸೇರಿಸಿದ ವಿಮೆನ್ಸ್ ಲ್ಯಾಂಡ್ ಆರ್ಮಿಯನ್ನು ನಡೆಸಿದರು. ಚೀಟಿ ಓದಿದ್ದಷ್ಟೇ ಅಲ್ಲ ಅವರ ಬದುಕು. ಇದನ್ನು ಮಗಳಿಗೆ ಹೇಳಿಕೊಡುತ್ತಿದ್ದೇನೆ.

ಕ್ಯಾನ್‌ಬೆರಾ ಡೇ ರಜೆ ಕ್ಯಾನ್‌ಬೆರಾ ಇರುವ ಎಸಿಟಿಗೆ, ಅಂದರೆ ಆಸ್ಟ್ರೇಲಿಯನ್ ಕ್ಯಾಪಿಟಲ್ ಟೆರಿಟರಿಗೆ ಮಾತ್ರ ಸೇರಿದ್ದು. ಗಡಿಯ ಆಚೆ, ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿರುವ ಕ್ವೀನ್‌ಬಿಯನ್ ನ್ಯೂ ಸೌತ್ ವೇಲ್ಸ್‌ಗೆ ಸೇರಿದೆ. ಅಲ್ಲಿ ಅವತ್ತು ಎಂದಿನಂತೆ ಸೋಮವಾರ. ನನ್ನವರ ಕೆಲಸ ಅಲ್ಲಿ. ಮಗಳ ನಾಮಕರಣದ ದಿನ ಊರಿಗೆಲ್ಲ ರಜೆ, ಅಪ್ಪ ಮಾತ್ರ ರಜೆ ಹಾಕಬೇಕಾಯಿತು. ಈಗಲೂ ಪ್ರತಿ ವರ್ಷ ಅವತ್ತು ಅವರು ಖಾಲಿ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಬಸ್ಸುಗಳೂ ಕಡಿಮೆ. ನಮ್ಮ ಬೀದಿಯ ಅರ್ಧ ಮನೆಗಳು ಶುಕ್ರವಾರ ಸಂಜೆಯೇ ಗಾಡಿಯ ಮೇಲೆ ಸೈಕಲ್ ಕಟ್ಟಿಕೊಂಡು ಬೇಟ್‌ಮನ್ಸ್ ಬೇ ಕಡೆ ಸಮುದ್ರಕ್ಕೆ ಹೊರಟಿರುತ್ತವೆ. ಮೂರು ದಿನ ಒಟ್ಟಿಗೆ ಸಿಕ್ಕರೆ ಯಾರು ಬಿಡುತ್ತಾರೆ? ನಾವು ಮಾತ್ರ ಹೋಗುವುದಿಲ್ಲ. ಮನೆಯ ಮಗುವಿನ ಹಬ್ಬದ ದಿನ ಮನೆಯಲ್ಲೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಮಗು ಎಂದರೆ ಎರಡೂ.

ಈ ವರ್ಷ ಮಗಳನ್ನು ಬಲೂನ್ ನೋಡಲು ಕರೆದುಕೊಂಡು ಹೋಗಿದ್ದೆ. ಮಾರ್ಚ್‌ನಲ್ಲಿ ಇಲ್ಲಿ ಎನ್‌ಲೈಟನ್ ಹಬ್ಬ. ರಾತ್ರಿ ದೊಡ್ಡ ದೊಡ್ಡ ಕಟ್ಟಡಗಳ ಗೋಡೆಯ ಮೇಲೆ ಬಣ್ಣದ ಬೆಳಕಿನ ಚಿತ್ರ, ಬೆಳಗಿನ ಜಾವ ಬಿಸಿಗಾಳಿಯ ಬಲೂನುಗಳು. ಐದು ಗಂಟೆಗೆ ಎಬ್ಬಿಸಿದೆ. ಸ್ವೆಟರ್ ಮೇಲೆ ಸ್ವೆಟರ್. ಕೆರೆಯ ದಡದ ಹುಲ್ಲು ಇಬ್ಬನಿಯಲ್ಲಿ ತೊಯ್ದು ಶೂ ಒಳಗೆ ಕಾಲು ಒದ್ದೆ. ಮೊದಲು ಬಲೂನ್ ನೆಲದ ಮೇಲೆ ಉದ್ದಕ್ಕೆ ಹಾಸಿದ ದೊಡ್ಡ ಬಟ್ಟೆ ಅಷ್ಟೇ. ಫ್ಯಾನ್ ಹಾಕಿ ಅದರೊಳಗೆ ಗಾಳಿ ತುಂಬುತ್ತಾರೆ. ಬಟ್ಟೆ ಉಬ್ಬುತ್ತದೆ, ಹೊರಳುತ್ತದೆ. ಆಮೇಲೆ ಬರ್ನರ್ ಹಚ್ಚುತ್ತಾರೆ. ಬುಸ್ ಎಂದು ಬೆಂಕಿ ಒಳಗೆ ನುಗ್ಗಿದಾಗ ಮುಖಕ್ಕೆ ಬಿಸಿ ತಾಗುತ್ತದೆ, ಕತ್ತಲಲ್ಲಿ ಇಡೀ ಬಲೂನ್ ದೀಪದ ಹಾಗೆ ಬೆಳಗುತ್ತದೆ. ಮಗಳು ನನ್ನ ಕೈ ಬಿಟ್ಟು ಎರಡು ಹೆಜ್ಜೆ ಮುಂದೆ ಹೋದಳು. ಬಿದ್ದಿದ್ದ ಬಟ್ಟೆ ನಿಧಾನಕ್ಕೆ ಎದ್ದು ನಿಂತಿತು. ಹಗ್ಗ ಬಿಟ್ಟರು. ಒಂದಾದ ಮೇಲೊಂದು ಕೆರೆಯ ಮೇಲೆ ತೇಲಿದವು. ಒಂದು ತೀರಾ ಕೆಳಗೆ ಬಂದು ಬುಟ್ಟಿಯನ್ನು ನೀರಿಗೆ ತಾಗಿಸಿ ಮತ್ತೆ ಎದ್ದಿತು. ಸೇರಿದ ಜನ ಚಪ್ಪಾಳೆ ತಟ್ಟಿದರು.

ಭಾರತದಲ್ಲಿ ಆಗ ರಾತ್ರಿ ಎರಡು ಗಂಟೆ. ಹಾಗಾಗಿ ಮನೆಗೆ ಬಂದು, ತಿಂಡಿ ಮುಗಿಸಿ, ಮಧ್ಯಾಹ್ನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಮಗಳು ಫೋಟೋ ತೋರಿಸುತ್ತಾ ಒಂದೇ ಉಸಿರಿಗೆ ಹೇಳತೊಡಗಿದಳು.

"ಅಜ್ಜಿ, ಇವತ್ತು ನಮ್ಮೂರಿನ ನಾಮಕರಣ, ಗೊತ್ತಾ?"

"ಗೊತ್ತು ಚಿನ್ನ. ನಿಂದೂ ಅವತ್ತೇ ಆಗಿದ್ದು. ಕ್ಯಾನ್‌ಬೆರಾಗೂ ನಿಂಗೂ ಒಟ್ಟಿಗೆ ಹಬ್ಬ."

"ಕ್ಯಾನ್‌ಬೆರಾ ಅಲ್ಲ ಅಜ್ಜಿ. ಕ್ಯಾನ್‌ಬ್ರಾ."

ಅಮ್ಮ ಕನ್ನಡಕ ಸರಿಮಾಡಿಕೊಂಡು ಫೋನಿನ ಹತ್ತಿರ ಬಂದರು. "ಇನ್ನೊಂದ್ಸಲ ಹೇಳು."

ಮಗಳು ಫೋನಿಗೆ ಬಾಯಿ ಹತ್ತಿರ ತಂದು, ಮೆಲ್ಲಗೆ, ಮೂರು ಸಲ ಹೇಳಿದಳು.